ಕ್ಯೂ ತೋಟಕ್ಕೆ ಹಗಲು ಹೊತ್ತು ಹೋಗೋಣ



ಕಾರ್ಯಕಾರಿ ಸಮಿತಿಯ ಸುತ್ತೋಲೆ ಇಷ್ಟು ಹೊತ್ತಿಗೆ ಎಲ್ಲರ ಮನೆಗೂ ತಲುಪಿರಬೇಕು. ಈ ಡಿಸೆಂಬರಿನಲ್ಲಿ ಸಂಘದ ವತಿಯಿಂದ ಒಂದು ಕೋಚ್ ಮಾಡಿಕೊಂಡು ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ನಡೆಯುವ ಕ್ರಿಸ್‌ಮಸ್ ದೀಪಾಲಂಕಾರಕ್ಕೆ ಹೋಗುವುದು. ಟಿಕೆಟ್ಟಿನ ಅರ್ಧ ಹಣವನ್ನು ಸಂಘದ ನಿಧಿಯಿಂದ ತುಂಬುವುದು. ಆ ಖರ್ಚನ್ನು ಸರಿದೂಗಿಸಲು ಸಂಕ್ರಾಂತಿ ಕೂಟವನ್ನು ಈ ವರ್ಷದ ಮಟ್ಟಿಗೆ ಕೈಬಿಟ್ಟು, ಮಕ್ಕಳ ಕನ್ನಡ ತರಗತಿಯನ್ನು ಜನವರಿ ಫೆಬ್ರುವರಿ ಎರಡು ತಿಂಗಳು ನಿಲ್ಲಿಸಿ ಹಾಲ್ ಬಾಡಿಗೆ ಉಳಿಸುವುದು. ಯೋಜನೆ ಇಷ್ಟು. “ಮಕ್ಕಳಿಗೆ ಖುಷಿಯಾಗುತ್ತದೆ, ದೀಪಾವಳಿಯ ಮುಂದುವರಿಕೆಯಂತೆಯೂ ಆಗುತ್ತದೆ” ಎಂಬ ಒಕ್ಕಣೆಯೂ ಅದರಲ್ಲಿದೆ.

ನಾವು ಕೆಲವು ಮನೆಗಳವರು ಒಂದು ಭಾನುವಾರ ಸೇರಿ, ಕಾಫಿ ಕುಡಿದು, ಸಾಕಷ್ಟು ವಾದ ಮಾಡಿ ಈ ಬರಹವನ್ನು ಸಿದ್ಧಪಡಿಸಿದ್ದೇವೆ. ಸಮಿತಿಯವರ ಮೇಲೆ ನಮಗೆ ಸಿಟ್ಟಿಲ್ಲ. ಕುರ್ಚಿ ಜೋಡಿಸುವುದರಿಂದ ಹಿಡಿದು ಉಳಿದ ಸಾರಿನ ಪಾತ್ರೆ ತೊಳೆಯುವವರೆಗೆ ಸಂಬಳವಿಲ್ಲದೆ ದುಡಿಯುವ ಜನ ಅವರು. ಆದರೂ ಈ ಯೋಜನೆ ತಪ್ಪು ಎಂದು ನಮಗೆ ಖಂಡಿತವಾಗಿ ಅನ್ನಿಸಿದೆ. ಸರ್ವಸದಸ್ಯರ ಸಭೆಗೆ ಮುಂಚೆ ನಮ್ಮ ಕಾರಣಗಳು ನಿಮ್ಮ ಮುಂದಿರಲಿ.

ಮೊದಲು ಒಂದು ಮಾತನ್ನು ಬದಿಗಿಟ್ಟು ಮುಂದೆ ಹೋಗೋಣ. “ಅದು ಅವರ ಹಬ್ಬ, ನಮ್ಮ ಮಕ್ಕಳಿಗೇಕೆ?” ಎಂದು ಇಬ್ಬರು ಮೂವರು ಫೋನಿನಲ್ಲಿ ಕೇಳಿದರು. ಈ ವಾದಕ್ಕೂ ನಮಗೂ ಸಂಬಂಧವಿಲ್ಲ. ನಮ್ಮ ಸಂಘದಲ್ಲೇ ಮಂಗಳೂರು ಕಡೆಯ ಕ್ರೈಸ್ತ ಮನೆಗಳಿವೆ. ಡಿಸೆಂಬರ್ ಬಂತೆಂದರೆ ಅವರ ಮನೆಯ ಕುಸ್ವಾರಿನ ಡಬ್ಬಿ ನಮ್ಮ ಮನೆಗಳಿಗೆ ಬರುತ್ತದೆ. ಕಿಡಿಯೊ, ಗುಳಿಯೊ, ನೆವ್ರಿ ತಿಂದ ಬಾಯಿಂದಲೇ ಅದು ಅವರ ಹಬ್ಬ ಎನ್ನಲು ನಾಲಿಗೆ ಏಳುವುದಿಲ್ಲ. ಅವರು ಮನೆಯ ಮೂಲೆಯಲ್ಲಿ ಕಟ್ಟುವ ಗೋದಲಿಯಲ್ಲಿ ಇರುವಷ್ಟು ಕ್ರಿಸ್‌ಮಸ್ ಕ್ಯೂ ತೋಟದ ದೀಪದ ದಾರಿಯಲ್ಲಿಲ್ಲ. ಹೋಗಿ ಬಂದವರಾದ ನಾವು ಇದನ್ನು ಹೇಳಬಲ್ಲೆವು. ನಮ್ಮ ತಕರಾರು ಹಬ್ಬದ ಮೇಲಲ್ಲ, ತೋಟದ ವಿಚಾರಕ್ಕೆ.

ಹೋಗದವರಿಗಾಗಿ ಅದರ ಸ್ವರೂಪವನ್ನು ಹೇಳಿಬಿಡುತ್ತೇವೆ. ಕ್ಯೂನಲ್ಲಿ ಇದು 2013ರಲ್ಲಿ ಆರಂಭವಾಯಿತು. ನವೆಂಬರಿನ ನಡುವಿನಿಂದ ಜನವರಿಯ ಮೊದಲ ದಿನಗಳವರೆಗೆ ಸಂಜೆ ಹೊತ್ತು ನಡೆಯುತ್ತದೆ. ಸುಮಾರು ಮೂರು ಕಿಲೋಮೀಟರಿನ ದಾರಿ, ಒಂದೇ ದಿಕ್ಕಿನ ನಡಿಗೆ. ಮರಗಳಿಗೆ ಕೆಂಪು ನೀಲಿ ನೇರಳೆ ಬಣ್ಣದ ಬೆಳಕು, ಕೊಳದ ಮೇಲೆ ಲೇಸರ್, ಎಲ್ಲೆಡೆಯಿಂದ ಧ್ವನಿವರ್ಧಕದ ಹಾಡು, ನಡುನಡುವೆ ಬಿಸಿ ಚಾಕೊಲೇಟು ಮತ್ತು ಸುಟ್ಟ ಮಾರ್ಷ್‌ಮೆಲೋ ಅಂಗಡಿ, ಕೊನೆಗೆ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಆ ಪ್ರಸಿದ್ಧ ದೀಪದ ಸುರಂಗ. ಹತ್ತು ಲಕ್ಷ ದೀಪಗಳೆಂದು ಜಾಹೀರಾತು. ಜನಸಂದಣಿಯ ರಾತ್ರಿಗಳಲ್ಲಿ ದೊಡ್ಡವರೊಬ್ಬರ ಟಿಕೆಟ್ ಮೂವತ್ತು ಪೌಂಡು ದಾಟುತ್ತದೆ. ಇಬ್ಬರು ಮಕ್ಕಳ ಸಂಸಾರಕ್ಕೆ, ಕಾರಿನ ಪಾರ್ಕಿಂಗು, ತಿಂಡಿ, ಮಗು ಹಠ ಹಿಡಿದು ಕೊಂಡ ಮಿನುಗುವ ಕೋಲು ಎಲ್ಲ ಸೇರಿ ನೂರರ ನೋಟು ಮುರಿಯಿತೆಂದೇ ತಿಳಿಯಿರಿ. (ನೂರರ ನೋಟು ಎಂದದ್ದು ಊರಿನ ರೂಢಿಯಿಂದ. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಐವತ್ತಕ್ಕಿಂತ ದೊಡ್ಡ ನೋಟು ನಮ್ಮಂಥವರ ಕೈಗೆ ಸಿಗುವುದಿಲ್ಲ.)

ಚೆಂದವಿಲ್ಲವೇ ಎಂದರೆ ಚೆಂದವೇ. ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುವ ಊರಿನಲ್ಲಿ ಬೆಳಕಿನ ಆಸೆ ಯಾರಿಗಿಲ್ಲ? ಆದರೆ ಒಂದು ಪ್ರಶ್ನೆ. ಇದೇ ಮಾದರಿಯ ದೀಪದ ದಾರಿ ಎಡಿನ್‌ಬರೋದ ಸಸ್ಯೋದ್ಯಾನಕ್ಕೆ 2017ರಲ್ಲಿ ಬಂತು. 2019ರಲ್ಲಿ ಶಿಕಾಗೋ ಸಸ್ಯೋದ್ಯಾನಕ್ಕೆ, 2021ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯೋದ್ಯಾನಕ್ಕೆ, 2022ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿಗೆ. ಮೆಲ್ಬರ್ನಿನ ಚಳಿಗಾಲ ಜೂನ್ ಜುಲೈಯಲ್ಲಿ ಬರುವುದರಿಂದ ಅಲ್ಲಿ ಕ್ರಿಸ್‌ಮಸ್ಸಿನ ನೆಪವೂ ಇಲ್ಲ. ಎಲ್ಲ ಕಡೆಯೂ ಅದೇ ಸುರಂಗ, ಅದೇ ಬಣ್ಣ. ಶಿಕಾಗೋದಲ್ಲಿರುವ ತಂಗಿ ವಾಟ್ಸ್‌ಆಪಿನಲ್ಲಿ ಕಳಿಸುವ ಫೋಟೋಕ್ಕೂ ಇಲ್ಲಿಂದ ನಾವು ಕಳಿಸುವ ಫೋಟೋಕ್ಕೂ ಕೋಟಿನ ಬಣ್ಣ ಬಿಟ್ಟರೆ ವ್ಯತ್ಯಾಸವಿಲ್ಲ. ಎಲ್ಲಿ ಬೇಕಾದರೂ ಹೂಡಬಹುದಾದ ಒಂದು ದೃಶ್ಯಕ್ಕೆ ಕ್ಯೂ ಎಂಬ ತೋಟ ಏಕೆ ಬೇಕು? ಕುದುರೆ ಓಟದ ಮೈದಾನದಲ್ಲಿ ಹೂಡಿದರೂ ಅದೇ ಆಗುತ್ತಿತ್ತಲ್ಲ?

ಹಾಗಾದರೆ ಕ್ಯೂನಲ್ಲಿ ಮಾತ್ರ ಇರುವುದು ಏನು? ರಾತ್ರಿ ಆ ದಾರಿಯಲ್ಲಿ ನಡೆದ ಮಗುವಿಗೆ ಅದು ಗೊತ್ತಾಗುವ ಬಗೆಯಿಲ್ಲ. ಏಕೆಂದರೆ ಮರಕ್ಕೆ ತೂಗುಹಾಕಿದ ಹೆಸರಿನ ಚೀಟಿ ಕತ್ತಲೆಯಲ್ಲಿ ಕಾಣುವುದಿಲ್ಲ; ಕಂಡರೂ ನಿಂತು ಓದಲು ಹಿಂದಿನ ಸಾಲು ಬಿಡುವುದಿಲ್ಲ. ಕ್ಯೂ ತೋಟ 1759ರಿಂದ ಬಂದದ್ದು. ಸುಮಾರು 320 ಎಕರೆ, ಹತ್ತು ಸಾವಿರಕ್ಕೂ ಹೆಚ್ಚು ಮರ. 2003ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅಲ್ಲಿ 1762ರಲ್ಲಿ ನೆಟ್ಟ ಗಿಂಕೋ ಮರ ಇನ್ನೂ ನಿಂತಿದೆ. 1762 ಎಂದರೆ ನಮ್ಮ ಲೆಕ್ಕದಲ್ಲಿ ಮೈಸೂರಿನಲ್ಲಿ ಹೈದರಾಲಿಯ ಆಡಳಿತ ಆಗಷ್ಟೇ ಬೇರೂರುತ್ತಿದ್ದ ಕಾಲ. 1775ರಲ್ಲಿ ಫ್ರಾನ್ಸಿಸ್ ಮ್ಯಾಸನ್ ಎಂಬಾತ ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ತಂದ ಒಂದು ಸೈಕಡ್ ಗಿಡ ಕ್ಯೂನಲ್ಲಿ ಇಂದಿಗೂ ಕುಂಡದಲ್ಲೇ ಬದುಕಿದೆ. ಇನ್ನೂರೈವತ್ತು ವರ್ಷದ ಕುಂಡದ ಗಿಡ! ನಮ್ಮ ಮನೆಗಳಲ್ಲಿ ತುಳಸಿ ಒಂದು ಚಳಿಗಾಲ ದಾಟಿದರೆ ದೊಡ್ಡ ಸಂಗತಿ.

ಟರ್ನರ್ ಓಕ್ ಎಂಬ ಮರದ ಕತೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು. 1987ರ ಅಕ್ಟೋಬರಿನಲ್ಲಿ ಒಂದು ರಾತ್ರಿ ಈ ದೇಶದ ದಕ್ಷಿಣ ಭಾಗಕ್ಕೆ ದೊಡ್ಡ ಬಿರುಗಾಳಿ ಬಡಿಯಿತು. ಹಳೆಯ ಸದಸ್ಯರಿಗೆ ನೆನಪಿರುತ್ತದೆ, ಮರುದಿನ ಬೆಳಿಗ್ಗೆ ರೈಲೂ ಇಲ್ಲ ಕರೆಂಟೂ ಇಲ್ಲ. ಕ್ಯೂ ಒಂದರಲ್ಲೇ ಸುಮಾರು 700 ಮರಗಳು ನೆಲಕ್ಕೆ ಬಿದ್ದವು. ಸುಮಾರು ಇನ್ನೂರು ವರ್ಷದ ಟರ್ನರ್ ಓಕ್ ಮರವನ್ನು ಗಾಳಿ ಬೇರು ಸಮೇತ ಎತ್ತಿ ಮತ್ತೆ ಅದೇ ಗುಂಡಿಯಲ್ಲಿ ಕೂರಿಸಿಬಿಟ್ಟಿತು. ಉಳಿಯಲಾರದು ಎಂದು ಎಣಿಸಿ, ಮುಂದೆ ತೆಗೆದರಾಯಿತೆಂದು ಆಸರೆ ಕೊಟ್ಟು ಬಿಟ್ಟರು. ಕೆಲವು ವರ್ಷಗಳ ಮೇಲೆ ಹೋಗಿ ನೋಡಿದರೆ ಮರ ಹಿಂದೆಂದಿಗಿಂತ ಹುಲುಸಾಗಿದೆ! ಮರಗಳ ಉಸ್ತುವಾರಿಯಲ್ಲಿದ್ದ ಟೋನಿ ಕರ್ಕ್‌ಹ್ಯಾಮ್ ಇದರಿಂದ ಕಂಡುಕೊಂಡದ್ದು ಏನೆಂದರೆ, ಬಿರುಗಾಳಿಗೆ ಮುಂಚೆ ಆ ಮರ ಕೊರಗುತ್ತಿತ್ತು. ನೆರಳಿಗೆ ಬಂದ ಜನರ ಕಾಲ್ತುಳಿತಕ್ಕೆ ವರ್ಷಗಟ್ಟಲೆ ಸಿಕ್ಕಿ ಬುಡದ ಮಣ್ಣು ಕಲ್ಲಿನಂತೆ ಗಟ್ಟಿಯಾಗಿ, ಬೇರಿಗೆ ಗಾಳಿ ನೀರು ಇಳಿಯುತ್ತಿರಲಿಲ್ಲ. ಬಿರುಗಾಳಿ ಎತ್ತಿ ಕುಕ್ಕಿದಾಗ ಮಣ್ಣು ಸಡಿಲವಾಯಿತು, ಮರ ಉಸಿರಾಡಿತು. ಅಂದಿನಿಂದ ಹಳೆಯ ಮರಗಳ ಬುಡದ ಮಣ್ಣಿಗೆ ಒತ್ತಡದ ಗಾಳಿ ಹಾಯಿಸಿ ಸಡಿಲ ಮಾಡುವ ವಿಧಾನ ರೂಢಿಗೆ ಬಂತು. ನಮ್ಮ ರೈತರಿಗೆ ಇದು ಹೊಸ ವಿಷಯವಲ್ಲ. ತೆಂಗಿನ ಬುಡ ಅಗೆದು ಬಿಡಿಸುವುದು ಏಕೆಂದು ಯಾವ ತೋಟದ ಮನೆಯವರನ್ನು ಕೇಳಿದರೂ ಹೇಳುತ್ತಾರೆ. ಈ ಕತೆಯನ್ನು ಆ ಮರದ ಎದುರು ನಿಂತು ಹತ್ತು ವರ್ಷದ ಹುಡುಗನಿಗೆ ಹೇಳಿ ನೋಡಿ. ದೀಪದ ಸುರಂಗಕ್ಕಿಂತ ಹೆಚ್ಚು ದಿನ ಅವನ ತಲೆಯಲ್ಲಿ ಉಳಿಯದಿದ್ದರೆ ನಮ್ಮನ್ನು ಕೇಳಿ.

ಇನ್ನು ನಮಗೂ ಕ್ಯೂಗೂ ಇರುವ ನಂಟು. ಬೆಂಗಳೂರಿನವರು ಲಾಲ್‌ಬಾಗ್ ನಮ್ಮದು ಎನ್ನುತ್ತೀರಿ, ಸರಿಯೇ. ಹೈದರಾಲಿ ಹಾಕಿದ ತೋಟ, ಟಿಪ್ಪು ಬೆಳೆಸಿದ ತೋಟ. ಆದರೆ 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಅದನ್ನು ನೋಡಿಕೊಳ್ಳಲು ಬಂದವರು ಯಾರು? ವಿಲಿಯಂ ನ್ಯೂ, ಅನಂತರ 1870ರ ದಶಕದಲ್ಲಿ ಜಾನ್ ಕ್ಯಾಮರನ್. ಇಬ್ಬರೂ ಕ್ಯೂನಲ್ಲಿ ಪಳಗಿದವರು. ಅನಂತರ ಬಂದವರು ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಹೈಡ್ ಪಾರ್ಕ್ ಹಾಗೂ ಕ್ಯೂನಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾಕ್ಕೆ ಹೋಗಿ, ಅಲ್ಲಿಂದ ಮೈಸೂರು ಸಂಸ್ಥಾನಕ್ಕೆ ಬಂದ ಕೃಂಬಿಗಲ್. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಸಾಲುಮರಗಳನ್ನು ಯೋಚಿಸಿದ ಪುಣ್ಯಾತ್ಮ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗ್ ಪಕ್ಕದ ಕೃಂಬಿಗಲ್ ರಸ್ತೆಯಲ್ಲಿ ಓಡಾಡಿದವರು ನಮ್ಮಲ್ಲಿ ಎಷ್ಟೋ ಜನ. ಅದು ಯಾವುದೋ ಊರಿನ ಹೆಸರೆಂದು ತಿಳಿದುಕೊಂಡವರೂ ಉಂಟು! 1889ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಗಾಜಿನ ಮನೆಯ ಮುಂದೆ ನಿಂತು ಬೆಳೆದವರು ಇಲ್ಲಿ 1848ರಲ್ಲಿ ಮುಗಿದ ಪಾಮ್ ಹೌಸನ್ನು, ಐದು ವರ್ಷದ ರಿಪೇರಿಯ ಮೇಲೆ 2018ರಲ್ಲಿ ಮತ್ತೆ ತೆರೆದ ಟೆಂಪರೇಟ್ ಹೌಸನ್ನು ಹಗಲಿನಲ್ಲಿ ಕಂಡಾಗ, ಇದು ಎಲ್ಲೋ ನೋಡಿದ ಮುಖ ಎಂದು ಅನ್ನಿಸದೆ ಇರುವುದಿಲ್ಲ. ರಾತ್ರಿ ಹೋದರೆ ಅದೇ ಕಟ್ಟಡ ಹಾಡಿನ ತಾಳಕ್ಕೆ ಬಣ್ಣ ಬದಲಿಸುವ ಒಂದು ಪರದೆ, ಅಷ್ಟೆ.

ಈ ನಂಟಿನಲ್ಲಿ ಎಲ್ಲವೂ ಸಿಹಿಯಲ್ಲ. ಅದನ್ನೂ ಮಕ್ಕಳಿಗೆ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯೂ ಸಾಮ್ರಾಜ್ಯದ ಸಸ್ಯ ಕಚೇರಿಯಾಗಿತ್ತು. ಎಲ್ಲಿ ಯಾವ ಗಿಡದಿಂದ ಹಣ ಬರುತ್ತದೆ, ಅದನ್ನು ಎಲ್ಲಿ ಊರಿದರೆ ಇನ್ನಷ್ಟು ಬರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುತ್ತಿತ್ತು. 1860ರ ಸುಮಾರಿಗೆ ದಕ್ಷಿಣ ಅಮೆರಿಕದ ಸಿಂಕೋನಾ ಗಿಡ ಕ್ಯೂ ಮೂಲಕ ನೀಲಗಿರಿಗೆ ಬಂತು. ಮಲೇರಿಯಾದ ಕ್ವಿನೈನ್ ಅದರ ತೊಗಟೆಯದು. 1876ರಲ್ಲಿ ಹೆನ್ರಿ ವಿಕಮ್ ಎಂಬಾತ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜ ತಂದು ಕ್ಯೂಗೆ ಒಪ್ಪಿಸಿದ. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಆ ಸಸಿಗಳು ಸಿಂಹಳಕ್ಕೆ, ಸಿಂಗಪುರಕ್ಕೆ ಹೋದವು. ಏಷ್ಯಾದ ರಬ್ಬರ್ ತೋಟಗಳು ಬಹುಮಟ್ಟಿಗೆ ಅವುಗಳ ಸಂತಾನ. ಸುಳ್ಯ, ಪುತ್ತೂರಿನ ಕಡೆಯ ಸದಸ್ಯರೇ, ನಿಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಬೆಳಗಿನ ಜಾವ ಹಾಲು ಇಳಿಸುವ ರಬ್ಬರ್ ಮರದ ಅಜ್ಜ ಮುತ್ತಜ್ಜ ಕಣ್ಣು ಬಿಟ್ಟದ್ದು ಇದೇ ಕ್ಯೂನ ಗಾಜಿನ ಮನೆಯಲ್ಲಿ. ಬ್ರೆಜಿಲ್‌ನ ಕಾಡಿನವರಿಗೆ ಇದರಿಂದ ಏನು ಸಿಕ್ಕಿತು ಎಂದು ನಮ್ಮ ಮಕ್ಕಳು ಕೇಳಲಿ. ಜೋಸೆಫ್ ಹುಕರ್ ಕ್ಯೂನಲ್ಲಿ ಕುಳಿತು 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಹಿಂದುಸ್ಥಾನದ ಸಸ್ಯಗಳ ವಿವರ ಹೊರತಂದರು. ಅದಿಲ್ಲದೆ ನಮ್ಮ ಪಶ್ಚಿಮ ಘಟ್ಟದ ಸಸ್ಯಶಾಸ್ತ್ರ ಇಂದಿಗೂ ಒಂದು ಹೆಜ್ಜೆ ಇಡಲಾರದು. ಅಲ್ಲಿನ ಹರ್ಬೇರಿಯಮ್ಮಿನಲ್ಲಿ ಒಣಗಿಸಿಟ್ಟ ಸಸ್ಯಗಳು ಸುಮಾರು 70 ಲಕ್ಷ. ಅವುಗಳ ನಡುವೆ ನಮ್ಮ ಘಟ್ಟದ, ಕರಾವಳಿಯ, ಮೈಸೂರು ಸೀಮೆಯ ಸೊಪ್ಪು ಕಡ್ಡಿಗಳೂ ಕಾಗದಕ್ಕೆ ಅಂಟಿಕೊಂಡು ಕೂತಿವೆ. ಒಂದು ಲೆಕ್ಕದಲ್ಲಿ ಅವೂ ಅನಿವಾಸಿ ಕನ್ನಡಿಗರೇ.

ಇಂಥ ಜಾಗಕ್ಕೆ ನಮ್ಮ ಮಕ್ಕಳನ್ನು ಮೊದಲ ಬಾರಿ ಕರೆದೊಯ್ಯುವುದು ಕತ್ತಲೆಯಲ್ಲೇ? ಒಂದು ಗಿಡವನ್ನೂ ನೋಡದೆ, ಒಂದು ಹೆಸರನ್ನೂ ಕಲಿಯದೆ ಹೊರಬರುವಂತೆಯೇ?

ಕತ್ತಲೆ ಎಂದ ಮೇಲೆ ಇನ್ನೊಂದು ವಿಷಯ. ಗಿಡಗಳಿಗೆ ಬೆಳಕು ಬೇಕೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಕತ್ತಲೆಯೂ ಬೇಕು ಎಂಬುದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ತಂಬಾಕು ಗಿಡದ ಮೇಲೆ ತೋರಿಸಿದರು. ಹಗಲು ಇರುಳಿನ ಉದ್ದವನ್ನು ಅಳೆದೇ ಎಷ್ಟೋ ಗಿಡ ಹೂ ಬಿಡುವ ಕಾಲವನ್ನು ಗೊತ್ತುಮಾಡಿಕೊಳ್ಳುತ್ತವೆ. ನಮ್ಮ ಸೇವಂತಿಗೆ ಬೆಳೆಗಾರರು ರಾತ್ರಿ ತೋಟದಲ್ಲಿ ಬಲ್ಬು ಉರಿಸುವುದು ಹೂವನ್ನು ಹಬ್ಬದವರೆಗೆ ತಡೆದಿಡಲು. ಈ ದೇಶದಲ್ಲಿ ಡಿಸೆಂಬರ್ ಬಂತೆಂದರೆ ಪ್ರತಿ ಸೂಪರ್ ಮಾರ್ಕೆಟ್ಟಿನಲ್ಲೂ ಇಟ್ಟಿರುವ ಕೆಂಪು ಪಾಯಿನ್ಸೆಟಿಯಾ ಗಿಡ ನೋಡಿದ್ದೀರಲ್ಲ, ಕ್ರಿಸ್‌ಮಸ್ಸಿನ ಗಿಡವೆಂದೇ ಹೆಸರು. ಅದರ ಎಲೆ ಕೆಂಪಾಗಬೇಕಾದರೆ ದಿನಕ್ಕೆ ಹನ್ನೆರಡು ಗಂಟೆಗೂ ಮೀರಿದ ಕಡುಗತ್ತಲೆ ವಾರಗಟ್ಟಲೆ ಬೇಕು. ನಡುರಾತ್ರಿ ಒಂದು ದೀಪ ಹಚ್ಚಿದರೆ ಹಸಿರಾಗಿಯೇ ಉಳಿಯುತ್ತದೆ. ಕತ್ತಲೆಯಿಂದ ಬಣ್ಣ ಪಡೆಯುವ ಗಿಡವನ್ನು ಹಬ್ಬದ ಗುರುತು ಮಾಡಿಕೊಂಡವರು ಆ ಹಬ್ಬಕ್ಕೆ ಗಿಡದ ತೋಟದಲ್ಲೇ ರಾತ್ರಿಯನ್ನು ಓಡಿಸುವುದು ನಮಗಂತೂ ನಗು ತರಿಸುತ್ತದೆ.

ಇದರ ಕೆಡುಕನ್ನು ಉಬ್ಬಿಸಿ ಹೇಳುವುದು ನ್ಯಾಯವಲ್ಲ. ಬೀದಿದೀಪಗಳ ಬೆಳಕು ಹೆಚ್ಚಿರುವ ಕಡೆ ಮರಗಳು ಒಂದು ವಾರದಷ್ಟು ಮುಂಚೆ ಚಿಗುರುತ್ತವೆ ಎಂದು ಎಕ್ಸೆಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಈ ದೇಶದ ಮರಗಳ ಬಗ್ಗೆಯೇ ತೋರಿಸಿದ್ದಾರೆ. ರಾತ್ರಿ ದೀಪ ಹಚ್ಚಿಟ್ಟ ಹುಲ್ಲುಗಾವಲಿನಲ್ಲಿ ಹೂವಿಗೆ ಬರುವ ಇರುಳ ಕೀಟಗಳ ಭೇಟಿ ಶೇಕಡಾ 62ರಷ್ಟು ಇಳಿಯಿತೆಂದು 2017ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದು ಹೇಳಿತು. ಆದರೆ ಅವು ವರ್ಷವಿಡೀ, ಇಲ್ಲವೇ ಬೇಸಿಗೆಯಲ್ಲಿ ಉರಿಯುವ ದೀಪಗಳ ಮಾತು. ಡಿಸೆಂಬರಿನಲ್ಲಿ ಎಲೆ ಉದುರಿಸಿದ ಮರ ನಿದ್ದೆಯಲ್ಲಿರುತ್ತದೆ, ಬಾವಲಿಗಳು ಮುದುರಿ ಮಲಗಿರುತ್ತವೆ, ಸಂಜೆಯ ಆಟ ಮುಗಿದ ಮೇಲೆ ದೀಪ ಆರಿಸುತ್ತಾರೆ. ನಾಲ್ಕಾರು ವಾರದ ಎಲ್‌ಇಡಿ ಬೆಳಕಿಗೆ ಗಿಂಕೋ ಮರ ಸಾಯುತ್ತದೆ ಎಂದು ನಾವು ಬರೆದರೆ ಕ್ಯೂನ ತೋಟಗಾರರು ನಕ್ಕಾರು. ನಮ್ಮ ಮಾತು ಬೇರೆ. ಹಗಲಿರುಳನ್ನು ಲೆಕ್ಕವಿಡುವ ಜೀವಿಯೊಂದನ್ನು ಬಣ್ಣ ಬಳಿಯುವ ಗೋಡೆಯಾಗಿ ಮಕ್ಕಳಿಗೆ ಪರಿಚಯ ಮಾಡಿಕೊಟ್ಟರೆ, ಮುಂದೆ ಅವರಿಗೆ ಮರ ಎಂದರೆ ಗೋಡೆಯೇ.

ಸಮಿತಿಯ ಹಿರಿಯರೊಬ್ಬರು ನಮಗೆ ಹಾಕಿದ ಪ್ರಶ್ನೆ ಗಟ್ಟಿಯಾದದ್ದು, ಅದನ್ನು ಮುಚ್ಚಿಡುವುದಿಲ್ಲ. “ಕ್ಯೂಗೆ ಸರ್ಕಾರದ ಅನುದಾನ ಸಾಲದು. ಈ ದೀಪದ ಟಿಕೆಟ್ಟಿನಿಂದ ಬಂದ ಹಣದಲ್ಲೇ ನೀವು ಹೊಗಳುವ ಸಸ್ಯಶಾಸ್ತ್ರ ನಡೆಯುತ್ತದೆ. ಹೋಗಬೇಡಿ ಎಂದರೆ ಯಾರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀರಿ?” ಎಂದರು. ನಿಜ. ಒಂದು ಕಾಲಕ್ಕೆ ಅದು ಪೂರ್ತಿ ಸರ್ಕಾರದ ಇಲಾಖೆಯ ತೋಟ. 1916ರಲ್ಲಿ ಪ್ರವೇಶಕ್ಕೆ ಒಂದು ಪೆನ್ನಿ ವಿಧಿಸಿದರು. 1983ರ ಕಾನೂನಿನಿಂದ ಅದು ಟ್ರಸ್ಟಿಗಳ ಕೈಗೆ ಬಂತು, ಖರ್ಚಿನ ದೊಡ್ಡ ಪಾಲನ್ನು ತಾನೇ ದುಡಿದುಕೊಳ್ಳಬೇಕಾಯಿತು. ಸಸೆಕ್ಸಿನ ವೇಕ್‌ಹರ್ಸ್ಟಿನಲ್ಲಿ 2000ದಲ್ಲಿ ತೆರೆದ ಅವರ ಬೀಜ ಭಂಡಾರದಲ್ಲಿ ಇನ್ನೂರು ಕೋಟಿಗೂ ಹೆಚ್ಚು ಬೀಜಗಳನ್ನು ಒಣಗಿಸಿ ಶೀತದಲ್ಲಿ ಕಾಪಾಡಿದ್ದಾರೆ. ಅದು ಪುಕ್ಕಟೆ ಆಗುವ ಕೆಲಸವಲ್ಲ. ದುಡ್ಡು ಮಾಡುವ ಕ್ಯೂನವರನ್ನು ನಾವು ಬೈಯುತ್ತಿಲ್ಲ. ಹಣ ಕೊಡುವ ನಾವು ಯಾವುದಕ್ಕೆ ಕೊಡುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಹಗಲಿನ ಟಿಕೆಟ್ ಕೊಂಡರೂ ಆ ಹಣ ಅವರಿಗೇ ಹೋಗುತ್ತದೆ. ಚಳಿಗಾಲದ ಹಗಲಿನ ಟಿಕೆಟ್ ದೀಪದ ಟಿಕೆಟ್ಟಿನ ಅರ್ಧದ ಆಸುಪಾಸು. ಯೂನಿವರ್ಸಲ್ ಕ್ರೆಡಿಟ್ ಪಡೆಯುವವರಿಗೆ ಒಂದು ಪೌಂಡಿಗೇ ಹಗಲಿನ ಪ್ರವೇಶ ಸಿಗುವ ಏರ್ಪಾಡೂ ಇದೆ. ನಮ್ಮ ಸಂಘದಲ್ಲಿ ಎಲ್ಲರೂ ಡಾಕ್ಟರು, ಕಂಪ್ಯೂಟರಿನವರು ಎಂದು ತಿಳಿಯಬೇಡಿ. ಓದಲು ಬಂದು ಮೂರು ಕಡೆ ಕೆಲಸ ಮಾಡುವ ವಿದ್ಯಾರ್ಥಿಗಳಿದ್ದಾರೆ, ಕೆಲಸ ಕಳೆದುಕೊಂಡು ಬಾಯಿಬಿಟ್ಟು ಹೇಳದವರಿದ್ದಾರೆ. ಅರ್ಧ ಹಣ ಸಂಘ ಕೊಟ್ಟರೂ ಉಳಿದ ಅರ್ಧಕ್ಕೆ ಅವರು ಏನೋ ನೆಪ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಅವರು ಕಟ್ಟಿದ ಸದಸ್ಯತ್ವ ಶುಲ್ಕದಲ್ಲಿ ಉಳಿದವರು ಕೋಚ್ ಹತ್ತಿ ಹೋಗುತ್ತಾರೆ. ಇದು ಯಾವ ನ್ಯಾಯ?

“ಹಾಗಾದರೆ ಮೈಸೂರು ಅರಮನೆಯ ದೀಪ?” ಎಂದೂ ಕೇಳುವಿರಿ. ದಸರೆಯಲ್ಲಿ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹತ್ತಿದಾಗ ಬಾಯಿಂದ ಹೊರಟ “ಹಾ” ನಮ್ಮದೂ ಹೌದು. ಆದರೆ ಅಲ್ಲಿ ದೀಪ ಅರಮನೆಯನ್ನು ತೋರಿಸುತ್ತದೆ. ಕಮಾನು ಕಮಾನಾಗಿ, ಗೋಪುರ ಗೋಪುರವಾಗಿ ಕಟ್ಟಡದ ಗೆರೆ ಎದ್ದು ಬರುತ್ತದೆ. ಇಲ್ಲಿ ದೀಪ ಮರವನ್ನು ಮರೆಸುತ್ತದೆ. ನೇರಳೆ ಬಣ್ಣದಲ್ಲಿ ನಿಂತ ಬೀಚ್ ಮರವನ್ನೂ ಓಕ್ ಮರವನ್ನೂ ಬೇರೆ ಮಾಡಿ ಹೇಳಿರಿ ನೋಡೋಣ. ಇನ್ನು ದೀಪಾವಳಿಯ ಮುಂದುವರಿಕೆ ಎಂಬ ಮಾತು. ದೀಪಾವಳಿಯಲ್ಲಿ ಹಣತೆಗೆ ಎಣ್ಣೆ ಹಾಕುವುದು ನಮ್ಮ ಕೈ, ಬತ್ತಿ ಹೊಸೆಯುವುದು ಅಜ್ಜಿಯ ಕೈ, ಗಾಳಿಗೆ ಆರಿದರೆ ಓಡಿಹೋಗಿ ಮತ್ತೆ ಹಚ್ಚುವುದು ಮಕ್ಕಳ ಕೈ. ಬಿದಿರ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು ಇಟ್ಟುಕೊಂಡು ಆಕಾಶಬುಟ್ಟಿ ಕಟ್ಟಿದ ಬಾಲ್ಯ ನಮ್ಮಲ್ಲಿ ಅನೇಕರದು. ಕರಾವಳಿಯವರು ಗೂಡುದೀಪ ಎನ್ನುತ್ತಾರೆ. ಸಾಲಿನಲ್ಲಿ ನಿಂತು, ಯಾರೋ ಗುಂಡಿ ಒತ್ತಿದ ಬೆಳಕನ್ನು ನೋಡಿ, ಅಂಗಡಿಯ ಬಾಗಿಲಿನಿಂದ ಹೊರಬರುವುದು ಇದರ ಮುಂದುವರಿಕೆ ಹೇಗಾದೀತು? ಅದೇ ಕ್ಯೂ ಸಂಸ್ಥೆಯವರದೇ ವೇಕ್‌ಹರ್ಸ್ಟಿನಲ್ಲಿ ಚಳಿಗಾಲಕ್ಕೆ ಕೈಯಿಂದ ಮಾಡಿದ ಲಾಟೀನುಗಳ ಸಾಲು ಇಡುತ್ತಾರೆ, ಕಡ್ಡಿ ಕಾಗದದ ಪ್ರಾಣಿ ಪಕ್ಷಿಗಳು. ಬೆಳಕೇ ಬೇಕೆಂಬ ಹಠವಿದ್ದರೆ ಆ ಕಡೆ ಹೋಗುವುದಕ್ಕೆ ನಾವು ಅಷ್ಟಾಗಿ ಅಡ್ಡಿ ಹೇಳುವುದಿಲ್ಲ.

“ಚಳಿಗಾಲದ ಹಗಲಿನಲ್ಲಿ ಅಲ್ಲಿ ನೋಡಲು ಏನಿದೆ, ಬೋಳು ಮರ” ಎಂಬುದು ಕೊನೆಯ ಆಕ್ಷೇಪಣೆ. ಬೋಳು ಮರವೇ ನೋಡತಕ್ಕದ್ದು. ಎಲೆಯಿದ್ದಾಗ ಕೊಂಬೆಯ ರಚನೆ ಕಾಣುವುದಿಲ್ಲ. ಜನವರಿಯಲ್ಲಿ ವಿಚ್ ಹೇಜಲ್ ಗಿಡ ಬರಿ ಕೊಂಬೆಯ ಮೇಲೆ ಹಳದಿ ದಾರದಂಥ ಹೂ ಬಿಡುತ್ತದೆ. ಹತ್ತಿರ ಹೋದರೆ ಘಮ. ಹಾಲಿ ಗಿಡಗಳ ಸಾಲಿನಲ್ಲಿ ಕೆಂಪು ಹಣ್ಣು. ಬಿದಿರ ತೋಟ ಚಳಿಯಲ್ಲೂ ಹಸಿರು, ಗಾಳಿ ಬಂದರೆ ಮಲೆನಾಡಿನ ಸದ್ದು. ಕೈಕಾಲು ಮರಗಟ್ಟಿದರೆ ಗಾಜಿನ ಮನೆಯ ಬಾಗಿಲು ತಳ್ಳಿ ಒಳಗೆ ಹೋಗಿ. ಕನ್ನಡಕ ಮಂಜಾಗುತ್ತದೆ, ಮೈ ಬೆವರುತ್ತದೆ, ಮಣ್ಣಿನ ವಾಸನೆ ಆಗುಂಬೆಯದೇ. ಅಲ್ಲಿ ಜಗತ್ತಿನ ಅತಿ ದೊಡ್ಡ ಕವಲಿಲ್ಲದ ಹೂಗೊಂಚಲಿನ ಟೈಟನ್ ಆರಮ್ ಗಿಡವನ್ನು ಬೆಳೆಸಿದ್ದಾರೆ. ಸುಮಾತ್ರಾದ ಕಾಡಿನದು, ಅದರ ಹೊರಗೆ ಅದು ಮೊದಲು ಅರಳಿದ್ದು ಕ್ಯೂನಲ್ಲೇ, 1889ರಲ್ಲಿ. ಅರಳಿದರೆ ಕೊಳೆತ ಮಾಂಸದ ನಾತ ಎಂದು ಪತ್ರಿಕೆಗಳು ದೊಡ್ಡದಾಗಿ ಬರೆಯುತ್ತವೆ. ಅದು ಯಾರ ನೆಂಟ ಗೊತ್ತೇ? ನಮ್ಮ ಸುವರ್ಣಗಡ್ಡೆಯದು. ಒಂದೇ ಕುಲ, ಅಣ್ಣ ತಮ್ಮ. ಸುವರ್ಣಗಡ್ಡೆ ಹೂ ಬಿಟ್ಟಾಗ ಹಿತ್ತಲಿನಲ್ಲಿ ಏನೋ ಸತ್ತಿದೆಯೆಂದು ಹುಡುಕಿದ ನೆನಪು ಊರಿನ ಮನೆಗಳಲ್ಲಿ ಬೆಳೆದವರಿಗೆ ಇದ್ದೇ ಇರುತ್ತದೆ. ಹುಳಿಯಲ್ಲಿ ಗಡ್ಡೆ ಕಂಡರೆ ತಟ್ಟೆಯ ಅಂಚಿಗೆ ಸರಿಸುವ ನಮ್ಮ ಮಕ್ಕಳು ಆ ದೈತ್ಯನ ಮುಂದೆ ನಿಂತು ಈ ಮಾತು ಕೇಳಲಿ! ಫೆಬ್ರುವರಿಯಲ್ಲಿ ಆರ್ಕಿಡ್ ಹಬ್ಬ ಬರುತ್ತದೆ. 2017ರಲ್ಲಿ ಅದನ್ನು ಭಾರತದ ಹೆಸರಿನಲ್ಲೇ ಮಾಡಿದ್ದರು. ಆ ವರ್ಷ ಸಂಘದಿಂದ ಯಾರೂ ಕೋಚ್ ಮಾಡಲಿಲ್ಲ ಎಂಬುದನ್ನು ಸಮಿತಿಗೆ ನೆನಪಿಸುತ್ತೇವೆ.

ಕೊನೆಯದಾಗಿ ಕನ್ನಡ ತರಗತಿ. ಎರಡು ತಿಂಗಳ ಹಾಲ್ ಬಾಡಿಗೆ ಉಳಿಸಿದರೆ ಎರಡು ಗಂಟೆಯ ದೀಪ ಸಿಗುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಸರಿಹೋಗಬಹುದು. ಆದರೆ ಒತ್ತಕ್ಷರದವರೆಗೆ ಕಷ್ಟಪಟ್ಟು ಬಂದ ಮಗು ಎರಡು ತಿಂಗಳು ಬಿಟ್ಟರೆ ಮಾರ್ಚಿನಲ್ಲಿ ಮತ್ತೆ ಅ ಆ ಇ ಈ. ಪಾಠ ಹೇಳುವ ಅಮ್ಮಂದಿರನ್ನು ಕೇಳಿ, ಅವರು ಇದನ್ನು ಹೋದ ಬೇಸಿಗೆ ರಜೆಯ ಮೇಲೆ ಕಣ್ಣಾರೆ ಕಂಡಿದ್ದಾರೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚುವ ಕೂಟದ ಖರ್ಚಾದರೂ ಎಷ್ಟು? ಕೊಬ್ಬರಿ ಹೆಚ್ಚುವವರು ನಾವೇ, ಕಡಲೆಬೀಜ ಹುರಿಯುವವರು ನಾವೇ. ಆ ದಿನ ಮಾತ್ರ ಸಂಘಕ್ಕೆ ಬರುವ ಅಜ್ಜ ಅಜ್ಜಿಯರಿದ್ದಾರೆ. ಮೂರು ಕಿಲೋಮೀಟರ್ ರಾತ್ರಿ ಚಳಿಯಲ್ಲಿ ನಡೆಯಿರಿ ಎಂದು ಮಂಡಿನೋವಿನ ಅವರಿಗೆ ಹೇಳಲು ನಮಗೆ ಬಾಯಿ ಬರುವುದಿಲ್ಲ.

ಆದ್ದರಿಂದ ಸರ್ವಸದಸ್ಯರ ಸಭೆಯಲ್ಲಿ ನಾವು ಮಂಡಿಸುವ ನಿರ್ಣಯ ಹೀಗಿದೆ. ಡಿಸೆಂಬರಿನ ರಾತ್ರಿ ಪ್ರವಾಸಕ್ಕೆ ಸಂಘದ ನಿಧಿಯಿಂದ ಹಣ ಕೊಡಕೂಡದು. ಹೋಗಬಯಸುವವರು ತಮ್ಮ ತಮ್ಮ ಖರ್ಚಿನಲ್ಲಿ ಸಂತೋಷವಾಗಿ ಹೋಗಿಬರಲಿ. ಕನ್ನಡ ತರಗತಿ ಒಂದು ವಾರವೂ ನಿಲ್ಲಕೂಡದು. ಸಂಕ್ರಾಂತಿ ಕೂಟ ಎಂದಿನಂತೆ ನಡೆಯಲಿ. ಅದರ ಮುಂದಿನ ಭ���ನುವಾರ ಬೆಳಿಗ್ಗೆ ಹತ್ತೂವರೆಗೆ ಕ್ಯೂನ ವಿಕ್ಟೋರಿಯಾ ಗೇಟಿನ ಹತ್ತಿರ ಎಲ್ಲರೂ ಸೇರೋಣ. ಚಳಿಗಾಲದಲ್ಲಿ ತೋಟ ಬೇಗ ಮುಚ್ಚುವುದರಿಂದ ನಮ್ಮವರ ಎಂದಿನ “ಇಗೋ ಹೊರಟೆವು” ಆ ದಿನ ನಡೆಯುವುದಿಲ್ಲ. ತರಗತಿಯ ಮಕ್ಕಳು ಬಾಳೆ, ಬಿದಿರು, ಕಾಫಿ, ರಬ್ಬರು ಎಂದು ಕನ್ನಡದಲ್ಲಿ ಚೀಟಿ ಬರೆದು ತರಲಿ. ಗಿಡ ಹುಡುಕಿ ಪಕ್ಕದಲ್ಲಿ ಹಿಡಿದು ನಿಂತರೆ ಆ ಫೋಟೋ ಮುಂದಿನ ಸಂಚಿಕೆಗೆ. ಝೆರಾಕ್ಸಿನಲ್ಲಿ ಮುಖ ಕಪ್ಪಾಗಿ ಬರುತ್ತದೆಂದು ಈಗಲೇ ಹೇಳಿಬಿಡುತ್ತೇವೆ. ಪುಳಿಯೋಗರೆ, ಮೊಸರನ್ನ ನಮ್ಮ ನಾಲ್ಕು ಮನೆಗಳಿಂದ ಬರುತ್ತದೆ. ಉಪ್ಪಿನಕಾಯಿ ಯಾರಾದರೂ ವಹಿಸಿಕೊಂಡರೆ ಅನುಕೂಲ. ಬರುವವರು ಸಭೆಯ ದಿನ ಬಾಗಿಲ ಬಳಿ ಇಟ್ಟಿರುವ ಪುಸ್ತಕದಲ್ಲಿ ಹೆಸರು, ತಲೆಗಳ ಸಂಖ್ಯೆ ಬರೆಯಿರಿ. ಕಾರಿನಲ್ಲಿ ಜಾಗ ಉಳಿದವರು ಅದನ್ನೂ ಬರೆಯಿರಿ.